ಮೃಣಾಲಿನಿಬಾಯಿ ಅಂಗಳದ ಪೇವರ್ ಕೀಳಿಸಿದರು

ಹೋದ ವರ್ಷದ ಮಳೆಗಾಲದಲ್ಲಿ ನವನಗರದ ಮೃಣಾಲಿನಿಬಾಯಿಯವರ ಅಂಗಳದ ನೀರು ಮೂರು ಸಲ ಪಕ್ಕದ ಶಮೀಮಳ ಅಡುಗೆಮನೆಗೆ ನುಗ್ಗಿತು. ಮೂರನೆಯ ಸಲ ಜೋಳದ ಚೀಲವೇ ತೊಯ್ದುಹೋಯಿತು. ಶಮೀಮ ಜಗಳಕ್ಕೆ ಬರಲಿಲ್ಲ. ಜೋಳವನ್ನು ಮಾಳಿಗೆಯ ಮೇಲೆ ಹರವಿ ಒಣಗಿಸಿದಳು. ಕಿಟಕಿಯಿಂದ ಅದನ್ನು ಕಂಡ ಮೃಣಾಲಿನಿಬಾಯಿ ಅಂದು ಅರ್ಧ ಊಟಕ್ಕೇ ಎದ್ದರು.

ಆದರೂ ಅಂಗಳ ಅವರ ಹೆಮ್ಮೆ. ಶಾಲೆಯ ಕೆಲಸದಿಂದ ನಿವೃತ್ತರಾದ ವರ್ಷ, ಅಂದರೆ ಎಂಟು ವರ್ಷದ ಹಿಂದೆ, ಗೋಡೆಯಿಂದ ಗೋಡೆಗೆ ಸಿಮೆಂಟ್ ಬಿಲ್ಲೆಗಳ ಪೇವರ್ ಹಾಕಿಸಿದ್ದರು. ಹಾಕಿಕೊಟ್ಟವನು ಶಮೀಮಳ ಗಂಡ, ಗೌಂಡಿ ಕಮರುದ್ದೀನ. ಮುಂಜಾನೆ ಪೈಪು ಹಿಡಿದು ತೊಳೆದರೆ ಕನ್ನಡಿಯಂತೆ ಹೊಳೆಯುತ್ತಿತ್ತು. ಬೇಸಿಗೆಯಲ್ಲಿ ಮಾತ್ರ ಅದೇ ಅಂಗಳ ಕಾದ ಹಂಚು. ಹೊತ್ತು ಮುಳುಗಿದರೂ ಒಳಮನೆ ಬೇಯುತ್ತಿತ್ತು.

ಶಮೀಮ ನರ್ಸರಿಯಲ್ಲಿ ಕೆಲಸ ಮಾಡುವವಳು. ಏಪ್ರಿಲ್ಲಿನ ಒಂದು ಸಂಜೆ ತಾನೇ ಮಾತು ತೆಗೆದಳು. ಪೇವರ್ ಮೇಲೆ ಬಿದ್ದ ಮಳೆಗೆ ಇಳಿಯಲು ದಾರಿಯಿಲ್ಲ, ಅದಕ್ಕೇ ತಗ್ಗಿನಲ್ಲಿರುವ ನಮ್ಮ ಮನೆಗೆ ಹರಿದು ಬರುತ್ತದೆ, ಅರ್ಧ ಅಂಗಳವನ್ನಾದರೂ ಮಣ್ಣಿಗೆ ಬಿಡಿ ಎಂದಳು.

“ಬ್ಯಾಡವಾ ಶಮೀಮಾ. ಮನಿ ತುಂಬ ರಾಡಿ ಆಗ್ತದ. ಹಾವು, ಚೇಳು ಬ್ಯಾರೆ ಬರ್ತಾವ.”

ಶಮೀಮ ಒಂದು ಕೊಡ ನೀರನ್ನು ಪೇವರ್ ಮೇಲೆ ಸುರಿದಳು. ಅದು ಸರ್ರನೆ ಹರಿದು, ಕಂಪೌಂಡಿನ ಕಿಂಡಿ ದಾಟಿ ಅವಳ ಮನೆಯ ಮೆಟ್ಟಿಲು ತಲುಪಿತು. ಇನ್ನೊಂದು ಕೊಡವನ್ನು ತನ್ನ ಕರಿಬೇವಿನ ಗಿಡದ ಬುಡಕ್ಕೆ ಸುರಿದಳು. ನೋಡನೋಡುತ್ತಲೇ ಅದು ಇಂಗಿಹೋಯಿತು.

ಮೃಣಾಲಿನಿಬಾಯಿ ಬಗ್ಗಿ ಆ ಬುಡದ ಮಣ್ಣನ್ನು ಮುಟ್ಟಿ ನೋಡಿದರು. “ಮೊದಲ ಆರ ಸಾಲು ಕಿತ್ತು ನೋಡೂಣು. ನನಗ ಸರಿ ಅನಸಲಿಲ್ಲಂದ್ರ ನಿನ್ನ ಗಂಡನ ಕಡೆ ವಾಪಸ್ ಹಾಕಿಸಿಕೊಡಬೇಕು ನೋಡು,” ಎಂದರು.

ಮರುದಿನ ಕಮರುದ್ದೀನ ಹಾರೆ ತಂದ. ನೀರಿನ ಪೈಪು, ಹೊಲಸು ನೀರಿನ ಚೇಂಬರಿನ ಪೈಪು ಎಲ್ಲಿ ಹಾದುಹೋಗಿವೆ ಎಂದು ಕೇಳಿ ಮೊದಲು ಸುಣ್ಣದಿಂದ ಗೆರೆ ಎಳೆದ. ಮನೆಯ ಗೋಡೆಯ ಪಕ್ಕ ಮೂರು ಅಡಿ, ನಡೆಯುವ ದಾರಿ, ಸ್ಕೂಟರ್ ನಿಲ್ಲುವ ಜಾಗ ಹಾಗೇ ಇರಲಿ, ಆಗ ರಾಡಿ ಒಳಗೆ ಬರುವುದಿಲ್ಲ ಎಂದ. ತಗ್ಗಿನ ಕಡೆಯ ಆರು ಸಾಲು ಎದ್ದವು. ಕೆಳಗೆ ಉಸುಕು, ಅದರ ಕೆಳಗೆ ಜಲ್ಲಿಕಲ್ಲು. ಅದಷ್ಟನ್ನೂ ಬುಟ್ಟಿಯಲ್ಲಿ ತುಂಬಿ ಹೊರಗೆ ಹಾಕಿದರು. ಅದರ ಮೇಲೆಯೇ ಮಣ್ಣು ಸುರಿದರೆ ಬೇರು ಇಳಿಯುವುದಿಲ್ಲವಂತೆ.

ಕೊನೆಗೆ ಮಣ್ಣು ಸಿಕ್ಕಿತು. ಬಿಳಚಿಕೊಂಡು ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ಹಾರೆ ಠಣ್ ಎಂದು ಪುಟಿಯಿತು.

“ಇದರಾಗ ಹುಲ್ಲೂ ಹುಟ್ಟಂಗಿಲ್ಲ,” ಎಂದರು ಮೃಣಾಲಿನಿಬಾಯಿ.

“ಹುಟ್ಟತೈತ್ರಿ ಬಾಯಾರ. ಎಂಟ ವರ್ಷ ಇದು ಗಾಳಿ ನೀರು ಕಂಡಿಲ್ಲ. ಎರಡ ದಿನ ತೋಯಲಿ, ಆಮ್ಯಾಲೆ ಅಗಿಯೂಣು,” ಎಂದಳು ಬುಟ್ಟಿ ಹೊರುತ್ತಿದ್ದ ಶಮೀಮ.

ತೊಯ್ಯಿಸಿ ಒಂದು ಅಡಿ ಆಳ ಅಗೆದರು. ತಿಪ್ಪೆಗೊಬ್ಬರ, ಒಣಎಲೆ ಬೆರೆಸಿದರು. ನೀರು ಬಂದು ನಿಲ್ಲುವಂತೆ ಮಡಿಯನ್ನು ಪೇವರಿಗಿಂತ ಸ್ವಲ್ಪ ತಗ್ಗಿಸಿ, ಅಲಸಂದಿ ಬಿತ್ತಿದರು. ಅದರ ಬೇರು ಮಣ್ಣನ್ನು ಸಡಿಲ ಮಾಡುತ್ತದೆ, ಆಮೇಲೆ ಏನು ಬೇಕಾದರೂ ಹಚ್ಚಬಹುದು ಎಂದಳು ಶಮೀಮ. ಐದನೆಯ ದಿನ ಮೊಳಕೆ ಎದ್ದಾಗ ಮೃಣಾಲಿನಿಬಾಯಿ ಚಹಾ ಒಲೆಯ ಮೇಲಿಟ್ಟಿದ್ದನ್ನೂ ಮರೆತು ಕಂಪೌಂಡಿನಾಚೆ ಅವಳನ್ನು ಕೂಗಿದರು. ಚಹಾ ಉಕ್ಕಿ ಹೋಯಿತು.

ಬಿತ್ತಿದ ಮೂರನೆಯ ವಾರ, ಮಧ್ಯಾಹ್ನ ನಾಲ್ಕಕ್ಕೆ ದೊಡ್ಡ ಮಳೆ ಸುರಿಯಿತು. ಮೃಣಾಲಿನಿಬಾಯಿ ಕೊಡೆ ಹಿಡಿದು ಅಂಗಳದ ದಾರಿಯ ಮೇಲೆ ನಿಂತರು. ಅಂಗಳದ ನೀರು ಮಡಿಗೆ ಇಳಿಯಿತು, ತುಂಬಿತು, ಗುಳ್ಳೆ ಎದ್ದವು, ನೀರು ಒಳಗೆ ಇಂಗತೊಡಗಿತು. ಎಲ್ಲ ನೀರನ್ನೂ ಅದು ಹಿಡಿಯಲಿಲ್ಲ. ಒಂದಿಷ್ಟು ಗೇಟಿನ ಕಡೆ ಹರಿಯಿತು. ಅಷ್ಟರಲ್ಲಿ ಶಮೀಮ ಬರಿಗಾಲಲ್ಲಿ ಓಡಿ ಬಂದಳು.

“ನಮ್ಮ ಅಡಗಿಮನಿ ಒಣ ಐತ್ರಿ ಬಾಯಾರ.”

ಮೃಣಾಲಿನಿಬಾಯಿ ಕೊಡೆ ಬದಿಗಿಟ್ಟು ಅವಳ ಎರಡೂ ಕೈ ಹಿಡಿದುಕೊಂಡರು. ಇಬ್ಬರೂ ಪೂರ್ತಿ ತೊಯ್ದರು.

ಮರುದಿನ ಕಮರುದ್ದೀನ ಬರುವ ಮೊದಲೇ ಅವರು ಏಳನೆಯ ಸಾಲಿಗೆ ತಾವೇ ಹಾರೆ ಹಾಕಿದ್ದರು. ಈ ಸಲ ಪಕ್ಕದ ಮಡಿಯ ಮಣ್ಣು ಮೆತ್ತಗಿತ್ತು, ಅದರಲ್ಲಿ ಎರಡು ಎರೆಹುಳು. ಅವನ್ನು ಅಂಗೈಯಲ್ಲಿ ಹಿಡಿದು, ಎದುರು ಮನೆಯವರಿಗೂ ತೋರಿಸಿ ಬಂದರು.

ಓದುತ್ತಿರುವ ನೀವೂ ಒಮ್ಮೆ ನಿಮ್ಮ ಅಂಗಳಕ್ಕೆ ಹೋಗಿ ನೋಡಿ. ಓಡಾಡಲು, ಗಾಡಿ ನಿಲ್ಲಿಸಲು ಬೇಕಾದಷ್ಟು ಇಟ್ಟುಕೊಳ್ಳಿ. ಉಳಿದದ್ದನ್ನು ತಗ್ಗಿನ ಕಡೆಯಿಂದ ಒಂದೊಂದೇ ಸಾಲು ತೆಗೆಯಿರಿ. ಹಾರೆ ಇಲ್ಲವೇ? ಪಕ್ಕದ ಮನೆಯಲ್ಲಿ ಕೇಳಿ. ಮಳೆ ಬರುವುದರೊಳಗೆ ಶುರುಮಾಡಿ.