ಕರೋಂಗಾಕ್ಕೆ ಬಂದ ಫೈನಲ್

ಎಡಿನಾ ಟಿಕೆಟನ್ನು ಎರಡು ಬೆರಳಲ್ಲಿ ಹಿಡಿದು, ಕಳ್ಳನೋಟು ಪರೀಕ್ಷಿಸುವವಳ ಹಾಗೆ ಬಿಸಿಲಿಗೆ ಅಡ್ಡ ಹಿಡಿದು ನೋಡಿದಳು. ಆಮೇಲೆ ಅದನ್ನು ತನ್ನ ಅಕ್ಕಿ ರಾಶಿಯ ನೆತ್ತಿಯ ಮೇಲಿಟ್ಟು, ಇದರಲ್ಲಿ ನಮ್ಮೂರ ಹುಡುಗರು ಯಾರಿದ್ದಾರೆ ಎಂದು ಕೇಳಿದಳು.

ಯಾರೂ ಇಲ್ಲ ಎಂದು ಟಿಕೆಟ್ ಮಾರಲು ಬಂದಿದ್ದ ಅಂಗಾನಿಲೆ ಹೇಳಬೇಕಾಯಿತು. ಮಿಚಿರು ಹಂಟರ್ಸ್, ಶಿರೆ ಸ್ಟಾರ್ಸ್, ಎರಡೂ ದೂರದ ದಕ್ಷಿಣದ ಬ್ಲಾಂಟೈರಿನ ಫುಟ್‌ಬಾಲ್ ತಂಡಗಳು. ಎರಡರ ಮೈದಾನಗಳ ನಡುವೆ ಒಂದು ಮಾರುಕಟ್ಟೆ, ಒಂದು ಸೇತುವೆ, ಅಷ್ಟೇ.

“ಅವರವರ ಜಗಳಕ್ಕೆ ನಮ್ಮ ಅಂಗಳ ಯಾಕಪ್ಪಾ?” ಎಂದಳು ಎಡಿನಾ. “ಅಲ್ಲೇ ಅವರ ಬೀದೀಲೇ ಆಡ್ಕೊಂಡಿದ್ರೆ ಆಗ್ತಿರ್ಲಿಲ್ವಾ?”

ಪಕ್ಕದಲ್ಲಿ ಒಣಗಿದ ಉಸಿಪಾ ಮೀನು ಮಾರುತ್ತಿದ್ದವರು ನಕ್ಕರು. ಅಂಗಾನಿಲೆ ಟಿಕೆಟನ್ನು ಎತ್ತಿಕೊಂಡು, ಅಂಟಿದ್ದ ಅಕ್ಕಿಕಾಳನ್ನು ಉಗುರಿನಿಂದ ಕೆರೆದು, ಚೀಲಕ್ಕೆ ಹಾಕಿಕೊಂಡ. ಆ ಮಾರುಕಟ್ಟೆಯಲ್ಲಿ ಅದೇ ಪ್ರಶ್ನೆಯನ್ನು ಬಾಳೆಹಣ್ಣಿನವರು, ಸೈಕಲ್ ಟ್ಯಾಕ್ಸಿಯವರು, ಕೊನೆಗೆ ತರಕಾರಿ ಕೊಳ್ಳಲು ಬಂದಿದ್ದ ಪೊಲೀಸಿನವನೂ ಕೇಳಿ ಆಗಿತ್ತು. ಇಲ್ಲಿನವರಿಗೆ ಫುಟ್‌ಬಾಲ್ ಎಂದರೆ ಗಡಿಯಾಚೆ ದಾರೆಸ್ಸಲಾಮಿನ ತಂಡಗಳು. ಅವರ ರೇಡಿಯೋಗೆ ಸಿಗುವುದು ಅದು, ಅವರು ಹಾಕಿಕೊಳ್ಳುವ ಅಂಗಿ ಅದರದ್ದು. ಬ್ಲಾಂಟೈರಿನ ಹೆಸರು ಹೇಳಿದರೆ ಯಾವುದೋ ದೂರದ ಬೀಗರ ಊರಿನ ಮಾತು ಬಂದಂತೆ ತಲೆಯಾಡಿಸುತ್ತಿದ್ದರು.

ಮೈ ಉರಿಯುವ ಸಂಗತಿಯೆಂದರೆ ಈ ಫೈನಲನ್ನು ಕರೋಂಗಾಕ್ಕೆ ತಂದವನು ಸ್ವತಃ ಅವನೇ. ಈ ಫುಟ್‌ಬಾಲ್ ಕಪ್ ನಡೆಸುವ ಸಮಿತಿಯಲ್ಲಿ ಅವನದು ಸಣ್ಣ ನೌಕರಿ. ಸಭೆಗಳಲ್ಲಿ ಚಹಾ ಬಂತೇ ಎಂದು ನೋಡುವುದನ್ನು ಬಿಟ್ಟರೆ ಬಾಯಿ ಬಿಟ್ಟವನಲ್ಲ. ಈ ಸಲ ಮಾತ್ರ ಏನಾಯಿತೋ, ಎದ್ದು ನಿಂತುಬಿಟ್ಟಿದ್ದ. ಎಲ್ಲ ಫೈನಲುಗಳೂ ದಕ್ಷಿಣದಲ್ಲೇ ಆದರೆ ಉತ್ತರದವರು ಈ ದೇಶದವರಲ್ಲವೇ ಎಂದು ಕೇಳಿದ್ದ. ನಾನು ಅಲ್ಲಿಯೇ ಹುಟ್ಟಿದವನು, ನನ್ನ ಜನ ಆಟಕ್ಕೆ ಹಸಿದಿದ್ದಾರೆ, ಜಾಗ ಸಿಗದಿದ್ದರೆ ಮಾವಿನ ಮರ ಹತ್ತಿ ನೋಡುತ್ತಾರೆ ಎಂದಿದ್ದ. ಹಾಗೆ ಹೇಳಿದವನು ಹುಡುಗನಾಗಿದ್ದಾಗ ಅಪ್ಪನ ಜೊತೆ ಊರು ಬಿಟ್ಟವನು, ಆಮೇಲೆ ಈ ಕಡೆ ಬಂದದ್ದು ಸಾವು ಮದುವೆಗೆ ಮಾತ್ರ, ಅದೂ ಅಪರೂಪಕ್ಕೆ. ಅಧ್ಯಕ್ಷ ನಮಾಕ್ವಾ ಕನ್ನಡಕ ತೆಗೆದು ಒರೆಸಿಕೊಂಡು, “ಸರಿ. ನಿನ್ನ ಜನ, ನಿನ್ನ ತಲೆ,” ಎಂದಿದ್ದರು.

ಈಗ ಆ ತಲೆಯನ್ನು ದಿನಕ್ಕೆ ಹತ್ತು ಸಲ ಫೋನಿನಲ್ಲಿ ತಿನ್ನುತ್ತಿದ್ದರು. ಎಷ್ಟು ಮಾರಾಯಿತು? ಯಾಕೆ ಆಗಲಿಲ್ಲ? ಮರ ಹತ್ತುವವರು ಎಲ್ಲಿ ಹೋದರು?

ದಕ್ಷಿಣದವರಾದರೂ ಬರುತ್ತಾರೆಂದರೆ ಅದೂ ಇಲ್ಲ. ಡೀಸೆಲ್ ಇಲ್ಲದೆ ಬಸ್ಸುಗಳು ಬಂಕಿನ ಮುಂದೆ ಸಾಲು ನಿಂತಿದ್ದವು. ಹಂಟರ್ಸ್ ಅಭಿಮಾನಿಗಳ ಮುಖಂಡನಿಗೆ ಫೋನ್ ಮಾಡಿದರೆ ಅವನು, ಒಂದು ಹಗಲು ಒಂದು ರಾತ್ರಿ ಕೂತು ಬಂದು ಸೋತರೆ ವಾಪಸು ಹೋಗುವಾಗ ಯಾರ ಮುಖ ನೋಡಬೇಕು, ಮನೆಯಲ್ಲಿ ಟೀವಿ ಇದೆಯಲ್ಲ ಎಂದ. ಸ್ಟಾರ್ಸ್ ಕಡೆಯವನು ಇನ್ನೂ ಸಭ್ಯಸ್ಥ. ಖಂಡಿತ ಬರುತ್ತೇವೆ ಎಂದು ಹೇಳಿ ಆಮೇಲೆ ಫೋನೇ ಎತ್ತಲಿಲ್ಲ.

ಉಳಿದದ್ದು ಪ್ರಚಾರದ ವ್ಯಾನು. ಅದರ ಡ್ರೈವರ್ ಸ್ಟೋನಾರ್ಡ್ ಇದೇ ಊರಿನ ಮನುಷ್ಯ, ದಪ್ಪ, ಯಾವುದಕ್ಕೂ ಅವಸರವಿಲ್ಲ. ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದರಲ್ಲಿ ಮೈಕು. ಅವನ ತೊಂದರೆಯೆಂದರೆ ದಾರಿಯಲ್ಲಿ ಪರಿಚಯದವರು ಕಂಡರೆ ಮೈಕು ಆರಿಸದೆ ಮಾತಾಡಿಸುತ್ತಿದ್ದ. “ಬರುವ ಭಾನುವಾರ ಮಧ್ಯಾಹ್ನ... ಓ ಚಿಕ್ಕಮ್ಮಾ, ಮಂಡಿ ನೋವು ಹೇಗಿದೆ?... ಆ ಎಣ್ಣೆ ಬಿಡ್ಬೇಡಿ, ಹಚ್ತಾ ಇರಿ... ಮಹಾ ಫೈನಲ್!” ಊರಿಗೆಲ್ಲ ಚಿಕ್ಕಮ್ಮನ ಮಂಡಿಯ ಸುದ್ದಿ ಮುಟ್ಟಿತು. ಅಂಗಾನಿಲೆ ಪಕ್ಕದಲ್ಲಿ ಕೂತು ಹಲ್ಲು ಕಚ್ಚಿದ. ಬೈದರೆ ಸ್ಟೋನಾರ್ಡ್ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಅವರನ್ನು ಮಾತಾಡಿಸದೆ ಹೋದರೆ ನಾಳೆ ನನ್ನನ್ನು ಯಾರು ಮಾತಾಡಿಸುತ್ತಾರೆ ಎನ್ನುತ್ತಿದ್ದ.

ಚರ್ಚಿನಲ್ಲಿ ಪಾದ್ರಿ, ಕಳೆದುಹೋದ ಒಂದು ಮೇಕೆಯ ವಿಷಯ ಹೇಳಿ, ಹಾಗೆಯೇ ಫೈನಲನ್ನೂ ಹೇಳಿ ಮುಗಿಸಿದರು. ಮೇಕೆಯ ಬಗ್ಗೆ ವಿಚಾರಿಸಲು ಜನ ಬಂದರು.

ಊರಿನಲ್ಲಿ ಅಂಗಾನಿಲೆಯ ಸೋದರತ್ತೆ ಇದ್ದಳು, ತುಪೋಕಿ ಅತ್ತೆ. ಸರೋವರದ ಕಡೆಗೆ, ಬಾಳೆತೋಟದ ಪಕ್ಕದ ಮನೆ. ಅವನು ಇಳಿದುಕೊಂಡದ್ದು ವಸತಿಗೃಹದಲ್ಲಿ. ಪಂದ್ಯ ಮುಗಿಯಲಿ, ನೆಮ್ಮದಿಯಾಗಿ ಎರಡು ದಿನ ಅತ್ತೆಯ ಮನೆಯಲ್ಲಿ ಕೂರುತ್ತೇನೆ ಎಂದುಕೊಂಡಿದ್ದ. ಈ ಅವಾಂತರದಲ್ಲಿ ಹೋದರೆ ಅತ್ತೆ ಕೋಳಿ ಕೊಯ್ಯುತ್ತಾಳೆ, ಅರ್ಧ ದಿನ ಹೋಗುತ್ತದೆ.

ಶುಕ್ರವಾರ ಬೆಳಿಗ್ಗೆ ವ್ಯಾನು ಬರಲಿಲ್ಲ. ಕಾದೂ ಕಾದೂ ಹುಡುಕಿಕೊಂಡು ಹೊರಟರೆ, ಅದು ಒಂದು ಮನೆಯ ಮುಂದೆ ನಿಂತಿತ್ತು. ಸ್ಟೋನಾರ್ಡ್ ಚರ್ಚಿನ ಬೆಂಚುಗಳನ್ನು ಇಳಿಸುತ್ತಿದ್ದ. ಬಸ್ ಡ್ರೈವರ್ ಸಿಲುಂಬು ಬೆಳಗಿನ ಜಾವ ತೀರಿಕೊಂಡರು ಎಂದ. ಆ ಸುದ್ದಿಯನ್ನು ಊರೆಲ್ಲ ಸಾರಿ ಬಂದದ್ದೂ ಇದೇ ವ್ಯಾನು, ಇದೇ ಮೈಕು. ಒಂದೇ ಸುತ್ತು ಹೊಡೆದದ್ದು. ಎಲ್ಲರಿಗೂ ಕೇಳಿಸಿತ್ತು. ಮಣ್ಣು ಮಾಡುವುದು ಭಾನುವಾರ ಮಧ್ಯಾಹ್ನ, ಫೈನಲಿನ ಹೊತ್ತಿಗೇ.

ಸಿಲುಂಬು ಯಾರೆಂದು ಅಂಗಾನಿಲೆಗೆ ಯಾರೂ ಹೇಳಬೇಕಾಗಿರಲಿಲ್ಲ. ಸರೋವರದ ದಂಡೆಯ ದಾರಿಯಲ್ಲಿ ಒಂದು ಕಾಲಕ್ಕೆ ಓಡುತ್ತಿದ್ದದ್ದು ಅವನೊಬ್ಬನ ಬಸ್ಸು. ಬಸುರಿಯರನ್ನು ಆಸ್ಪತ್ರೆಗೆ, ಮಕ್ಕಳನ್ನು ಶಾಲೆಗೆ, ಹೆಣವನ್ನು ಊರಿಗೆ ಮುಟ್ಟಿಸಿದವನು. ಅಂಗಾನಿಲೆಯ ಮನೆಯವರು ಊರು ಬಿಟ್ಟ ದಿನವೂ ಅವನದೇ ಬಸ್ಸು. ಹುಡುಗ ಅಳುತ್ತಾನೆಂದು ತನ್ನ ಪಕ್ಕ ಬಿಸಿ ಎಂಜಿನ್ನಿನ ಮೇಲೆ ಗೋಣಿ ಹಾಸಿ ಕೂರಿಸಿಕೊಂಡಿದ್ದ.

ನಮಾಕ್ವಾಗೆ ಫೋನಿನಲ್ಲಿ ವಿಷಯ ತಿಳಿಸಿದ. ಅವರು, ಬೆಳಿಗ್ಗೆಯೇ ಮಣ್ಣು ಮಾಡಲು ಹೇಳು, ನಿನ್ನ ಜನವಲ್ಲವೇ ಎಂದರು.

ಅವನು ಸಾವಿನ ಮನೆಗೆ ಹೋದ. ಗಂಡಸರು ಮಾವಿನ ಮರದಡಿ ಬೆಂಚುಗಳಲ್ಲಿ ಕೂತಿದ್ದರು. ಒಳಗಿನಿಂದ ಹೆಂಗಸರ ಹಾಡು ಕೇಳುತ್ತಿತ್ತು. ಸರಿದು ಜಾಗ ಕೊಟ್ಟರು. ಅವನೂ ತಲೆ ತಗ್ಗಿಸಿ ಕೂತ. ಆದರೆ ಮನಸ್ಸು ಎಲ್ಲೋ ಇತ್ತು, ಕಾಲು ಸುಮ್ಮನಿರಲಿಲ್ಲ. ಕೊನೆಗೆ ಸತ್ತವನ ತಮ್ಮ ಯೋರಮ್‌ನ ಪಕ್ಕಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತು, ತಗ್ಗಿದ ದನಿಯಲ್ಲಿ ವಿಷಯ ಬಿಚ್ಚಿದ. ಹೇಳುವಾಗ ತನ್ನ ಮಾತು ತನಗೇ ಅಸಹ್ಯವೆನಿಸಿತು. ಆದರೂ ಹೇಳಿದ.

ಯೋರಮ್ ಮುದುಕ ಸಿಟ್ಟಾಗಲಿಲ್ಲ. ಅಣ್ಣನ ಹಿರಿಯ ಮಗಳು ಜೋಹಾನ್ಸ್‌ಬರ್ಗಿನಿಂದ ಬಸ್ಸಿನಲ್ಲಿ ಬರುತ್ತಿದ್ದಾಳೆ, ಭಾನುವಾರ ಮಧ್ಯಾಹ್ನಕ್ಕೆ ಮುಂಚೆ ಮುಟ್ಟುವುದಿಲ್ಲ, ಅವಳು ಅಪ್ಪನ ಮುಖ ನೋಡಬೇಕಲ್ಲ ಎಂದ. ಆಮೇಲೆ, ನಿಮ್ಮ ಆಟವನ್ನೇ ಸಂಜೆಗೆ ಇಟ್ಟುಕೊಳ್ಳಬಾರದೇ ಎಂದು ಕೇಳಿದ.

“ಆಗಲ್ಲ ದೊಡ್ಡಪ್ಪಾ. ಟೀವಿಯವರು ಹೊತ್ತು ಗೊತ್ತು ಮಾಡಿಬಿಟ್ಟಿದ್ದಾರೆ. ಅವರು ಕಾಯಲ್ಲ.”

“ಟೀವಿಯವರು ಕಾಯಲ್ಲ, ಸತ್ತವನು ಕಾಯ್ತಾನೆ, ಅಲ್ವೇನಪ್ಪಾ?” ಎಂದ ಯೋರಮ್. ವ್ಯಂಗ್ಯವೇನೂ ಇರಲಿಲ್ಲ, ವಿಚಾರಿಸಿ ತಿಳಿದುಕೊಂಡವನಂತೆ ಹೇಳಿದ. ಅದೇ ಅಂಗಾನಿಲೆಗೆ ಹೆಚ್ಚು ಚುಚ್ಚಿತು.

ಎದ್ದು ಹೊರಟವನನ್ನು ತುಪೋಕಿ ಅತ್ತೆ ಬಾಗಿಲಲ್ಲಿ ತಡೆದಳು. ಸೊಂಟಕ್ಕೆ ಚಿತೆಂಜೆ ಬಟ್ಟೆ ಬಿಗಿದಿದ್ದಳು, ಅತ್ತು ಕಣ್ಣು ಊದಿತ್ತು. ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಬಂದು ವಾರ ಆಯ್ತಂತೆ,” ಎಂದಳು. “ಮೈಕಿನಲ್ಲಿ ನಿನ್ನ ಕೆಮ್ಮು ಕೇಳಿದೆ. ನಮ್ಮಣ್ಣನ ಕೆಮ್ಮೇ.”

“ಭಾನುವಾರ ಮುಗಿದ ಕೂಡ್ಲೇ ಬರೋಣ ಅಂತಿದ್ದೆ ಅತ್ತೆ...”

“ಊಟ ಆಯ್ತಾ?”

ಆಯಿತೆಂದು ಸುಳ್ಳು ಹೇಳಿದ. ಗುಂಡಿ ತೋಡುವ ಹುಡುಗರಲ್ಲಿ ಒಬ್ಬನಿಗೆ ಜ್ವರ ಬಂದಿದೆ, ನಮ್ಮ ಮನೆಯಿಂದ ಒಬ್ಬರೂ ಇಲ್ಲ ಎಂದಳು ಅತ್ತೆ. ಭಾನುವಾರ ಮೈದಾನ ಬಿಟ್ಟು ಬರುವ ಹಾಗಿಲ್ಲ ಎಂದ ಇವನು. ಅವಳು ಆಗಲಿ ಎಂದು ಒಳಗೆ ಹೋದಳು. ದಾರಿಯುದ್ದಕ್ಕೂ ಅವನಿಗೆ ಎಲ್ಲರ ಮೇಲೂ ಸಿಟ್ಟು: ಸಾಯಲು ಇದೇ ವಾರ ಆರಿಸಿಕೊಂಡ ಸಿಲುಂಬುವಿನ ಮೇಲೆ, ಬೈಯದೆ ಕಳಿಸಿದ ಅತ್ತೆಯ ಮೇಲೆ, ಎರಡು ಸುಡುಗಾಡು ತಂಡಗಳ ಮೇಲೆ.

ಭಾನುವಾರ ಮೈದಾನದ ಹುಲ್ಲು ನೀರು ಕುಡಿದು ಹೊಳೆಯುತ್ತಿತ್ತು. ಸುತ್ತಲಿನ ಮೆಟ್ಟಿಲುಗಳಲ್ಲಿ ಬರೀ ಕಾಂಕ್ರೀಟು. ಒಂದು ಮೂಲೆಯಲ್ಲಿ ಹಂಟರ್ಸ್ ಕಡೆಯ ಒಂದು ಹಿಡಿ ಜನ, ಇನ್ನೊಂದರಲ್ಲಿ ಸ್ಟಾರ್ಸ್ ಕಡೆಯ ಅಷ್ಟೇ ಜನ. ಒಬ್ಬ ಡೋಲು ಬಾರಿಸಿದರೆ ಎದುರಿನ ಗೋಡೆಗೆ ಬಡಿದು ಅದೇ ಶಬ್ದ ವಾಪಸು ಬರುತ್ತಿತ್ತು. ನಮಾಕ್ವಾ ಕೋಟು ಹಾಕಿಕೊಂಡು ಬಂದಿದ್ದರು; ಕರೋಂಗಾದ ಸೆಕೆಗೆ ಆ ಕೋಟು ಬೆನ್ನಿಗೆ ಅಂಟಿತ್ತು. ಕ್ಯಾಮೆರಾಕ್ಕೆ ಎದುರಾಗುವ ಕಡೆಗೆ ಎಲ್ಲರನ್ನೂ ಒಟ್ಟುಮಾಡು ಎಂದರು. ಒಂದು ಮೂಲೆಯವರು ಇನ್ನೊಂದು ಮೂಲೆಯವರ ಜೊತೆ ಕೂರಲು ಒಪ್ಪಲಿಲ್ಲ. ಇಷ್ಟು ದೂರ ಬಂದದ್ದು ಅವರ ಪಕ್ಕ ಕೂರೋದಕ್ಕಾ ಎಂದು ಜಗಳಕ್ಕೇ ಬಂದರು. ಆಟ ಶುರುವಾದರೂ ಮೆಟ್ಟಿಲುಗಳು ಖಾಲಿ.

“ಟಿಕೆಟ್ ಬೇಡ, ಏನೂ ಬೇಡ,” ಎಂದರು ನಮಾಕ್ವಾ, ಅವನ ಮುಖ ನೋಡದೆ. “ವ್ಯಾನು ತಗೊಂಡು ಹೋಗು. ಯಾರು ಸಿಕ್ತಾರೋ ತುಂಬ್ಕೊಂಡು ಬಾ. ಪುಕ್ಕಟೆ ಅಂತ ಹೇಳು.”

ಸ್ಟೋನಾರ್ಡ್ ಮೈಕಿನಲ್ಲಿ ಪುಕ್ಕಟೆ ಪುಕ್ಕಟೆ ಎಂದು ಕೂಗುತ್ತ ಊರೆಲ್ಲ ಸುತ್ತಿದ. ಕೇಳುವವರೇ ಇರಲಿಲ್ಲ. ಅಂಗಡಿಗಳು ಮುಚ್ಚಿದ್ದವು. ಮಾರುಕಟ್ಟೆಯಲ್ಲಿ ಎಡಿನಾಳ ಅಕ್ಕಿಯ ಮೇಲೆ ಗೋಣಿ ಹೊದಿಸಿ ಕಲ್ಲು ಹೇರಿತ್ತು. ಒಂದು ನಾಯಿ ವ್ಯಾನಿನ ಹಿಂದೆ ಸ್ವಲ್ಪ ದೂರ ಓಡಿಬಂದು, ಬೇಸರವಾಗಿ ನಿಂತಿತು.

ಸರೋವರದ ದಾರಿಗೆ ತಿರುಗಿದಾಗ ಎದುರಿಗೆ ಊರಿಗೆ ಊರೇ ನಡೆದು ಬರುತ್ತಿತ್ತು. ಮುಂದೆ ಹೆಗಲ ಮೇಲೆ ಪೆಟ್ಟಿಗೆ, ಹಿಂದೆ ಡೋಲುಗಳು, ಆಮೇಲೆ ಕಣ್ಣು ಹಾಯುವಷ್ಟು ದೂರ ಹೆಂಗಸರು, ಗಂಡಸರು. ತಾನು ಕೈ ಮುಗಿದು ಟಿಕೆಟ್ ಚಾಚಿದ ಒಂದೊಂದು ಮುಖವೂ ಅಲ್ಲಿತ್ತು. ಆ ಪೊಲೀಸಿನವನೂ ಟೋಪಿ ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದ. ಸ್ಟೋನಾರ್ಡ್ ವ್ಯಾನನ್ನು ದಾರಿಯ ಅಂಚಿಗೆ ಇಳಿಸಿ, ಎಂಜಿನ್ ಆರಿಸಿ, ಮೈಕು ಆರಿಸಿ, ಕೆಳಗಿಳಿದು ಸಾಲಿಗೆ ಸೇರಿಕೊಂಡ. ಅಂಗಾನಿಲೆ ವ್ಯಾನಿನೊಳಗೆ ಒಬ್ಬನೇ ಕೂತ. ಕೂತಿರುವುದು ಇನ್ನೂ ಕಷ್ಟವಾಯಿತು. ಇಳಿದ.

ಸ್ಮಶಾನದಲ್ಲಿ ಪ್ರಾರ್ಥನೆಯಾಗಿ, ಪೆಟ್ಟಿಗೆ ಇಳಿಸಿ, ಮಣ್ಣು ಮುಚ್ಚತೊಡಗಿದರು. ಹುಡುಗರು ಸರದಿಯ ಮೇಲೆ ಸಲಿಕೆ ಹಿಡಿಯುತ್ತಿದ್ದರು. ದೂರದಿಂದ ರೆಫರಿಯ ಸೀಟಿ ಗಾಳಿಯಲ್ಲಿ ತೇಲಿ ಬಂತು. ಅವನ ಪಕ್ಕದ ಹುಡುಗ ಬೆವರಲ್ಲಿ ನೆಂದು, ಉಸಿರಿಗಾಗಿ ನಿಂತು, ಸಲಿಕೆಯ ಹಿಡಿಯನ್ನು ಯಾರು ಎಂದು ನೋಡದೆಯೇ ಇವನತ್ತ ಚಾಚಿದ. ಅಂಗಾನಿಲೆ ತೆಗೆದುಕೊಂಡ. ಮಣ್ಣು ಭಾರವಾಗಿತ್ತು, ಕೆಳಗೆ ಪೆಟ್ಟಿಗೆಯ ಮೇಲೆ ಬಿದ್ದು ಟೊಳ್ಳು ಸದ್ದು ಮಾಡುತ್ತಿತ್ತು. ಆ ಸದ್ದು ನಿಲ್ಲಲಿ ಎಂದು ಬೇಗ ಬೇಗ ಎಳೆದು ಹಾಕಿದ. ಸದ್ದು ನಿಂತ ಮೇಲೂ ಹಾಕುತ್ತಲೇ ಇದ್ದ. ಅಂಗೈ ಬೊಬ್ಬೆ ಎದ್ದು ಒಡೆದದ್ದು ಗೊತ್ತಾಗಲಿಲ್ಲ.

ಮುಗಿದು ವಾಪಸು ಬರುವಾಗ ನಮಾಕ್ವಾ ಫೋನ್ ಮಾಡಿದರು. ಕೂಗಾಡಲಿಲ್ಲ. ಮುಂದಿನ ವರ್ಷ ಫೈನಲ್ ಬ್ಲಾಂಟೈರಿನಲ್ಲೇ, ಮಂಗಳವಾರ ನನ್ನ ಕೋಣೆಗೆ ಬಾ ಎಂದಷ್ಟೇ ಹೇಳಿದರು.

ಸಾವಿನ ಮನೆಯ ಅಂಗಳದಲ್ಲಿ ಕೈಕಾಲು ತೊಳೆಯುವಾಗ ಯಾರೋ ರೇಡಿಯೋ ಹಾಕಿದರು. ಎರಡೂ ಕಡೆ ಗೋಲಿಲ್ಲ, ಹೆಚ್ಚುವರಿ ಸಮಯವೂ ಮುಗಿಯುತ್ತ ಬಂತು, ಇನ್ನು ಪೆನಾಲ್ಟಿ. ಹುಡುಗರ ಕಿವಿ ನೆಟ್ಟಗಾಯಿತು. ಮೈದಾನ ಇಲ್ಲೇ, ಬಾಳೆತೋಟ ದಾಟಿದರೆ ಆಯಿತು. ಈಗ ಬಿಡುತ್ತಾರಾ ಎಂದು ಒಬ್ಬ ಕೇಳಿದ. ಪುಕ್ಕಟೆಯಂತೆ ಎಂದ ಸ್ಟೋನಾರ್ಡ್. ನೋಡುತ್ತ ನೋಡುತ್ತ ಅಂಗಳ ಅರ್ಧ ಖಾಲಿಯಾಯಿತು. ಎಡಿನಾ ಒದ್ದೆ ಕೈಯನ್ನು ಚಿತೆಂಜೆಗೆ ಒರೆಸಿಕೊಳ್ಳುತ್ತ ಅವರ ಹಿಂದೆ ಓಡಿದಳು.

ಅಂಗಾನಿಲೆಯೂ ದಡಬಡಿಸಿ ಎದ್ದ. ಯೋರಮ್ ಮುದುಕ ಅವನ ಮುಂಗೈ ಹಿಡಿದ.

“ನೀನೆಲ್ಲಿಗೆ?”

“ದೊಡ್ಡಪ್ಪಾ, ಅದು ನನ್ನ ಪಂದ್ಯ. ನಾನೇ ತಂದದ್ದು.”

“ಇರಬಹುದು. ಆದ್ರೆ ಸಲಿಕೆ ಹಿಡಿದೆಯಲ್ಲ. ಹಿಡಿದವರು ಎಲ್ಲಾ ಒಟ್ಟಿಗೆ ಕೂತು ಉಂಡೇ ಏಳ್ಬೇಕು. ಒಬ್ಬ ಎದ್ರೂ ಒಳ್ಳೇದಲ್ಲ.”

“ಐದೇ ನಿಮಿಷ.”

“ಕೂತ್ಕೋ,” ಎಂದ ಮುದುಕ.

ಒಂದು ವಾರ ಈ ಊರನ್ನು ಕೈಕಾಲು ಹಿಡಿದು ಬೇಡಿಕೊಂಡವನು ಊರೆಲ್ಲ ಮೈದಾನಕ್ಕೆ ಓಡುವ ಹೊತ್ತಿನಲ್ಲಿ ಚಾಪೆಯ ಮೇಲೆ ಕೂತ. ಯಾರನ್ನು ಬೈಯಬೇಕೋ ತಿಳಿಯಲಿಲ್ಲ. ತುಪೋಕಿ ಅತ್ತೆ ದೊಡ್ಡ ತಟ್ಟೆಯಲ್ಲಿ ಮೆಕ್ಕೆಜೋಳದ ನ್ಸಿಮಾ ಮುದ್ದೆಯ ಗುಡ್ಡೆ ತಂದು ನಡುವೆ ಇಟ್ಟಳು, ಹುರಿದ ಮೀನು ಇಟ್ಟಳು. ಅವನ ಅಂಗೈ ನೋಡಿ ಒಳಗೆ ಹೋಗಿ, ಒಂದು ಬಟ್ಟೆಯ ಚೂರು ತಂದು ಸುತ್ತಿ ಕಟ್ಟಿದಳು. ಗುಂಡಿ ತೋಡಿದ ಹುಡುಗರು ಸುತ್ತ ಕೂತರು. ಎಲ್ಲರ ಉಗುರಿನೊಳಗೂ ಮಣ್ಣು.

ಬಾಳೆತೋಟದ ಆಚೆಯಿಂದ ಒಮ್ಮೆಲೇ ಹೋ ಎಂಬ ದೊಡ್ಡ ಕೂಗು ಎದ್ದಿತು. ತಟ್ಟೆಯ ಸುತ್ತ ಎಲ್ಲ ಕೈಗಳೂ ನಿಂತವು. ಗೋಲಾಯಿತೋ, ತಪ್ಪಿತೋ, ಯಾರು ಗೆದ್ದರೋ ಕೂಗಿನಿಂದ ತಿಳಿಯುವ ಹಾಗಿರಲಿಲ್ಲ. ಅದು ಸರೋವರದ ಕಡೆಗೆ ಹಾದುಹೋಗಿ ತಣ್ಣಗಾಯಿತು. ಕೈಗಳು ಮತ್ತೆ ತಟ್ಟೆಗೆ ಇಳಿದವು. ಪಕ್ಕದ ಹುಡುಗ ಮೀನಿನ ಮುಳ್ಳು ಬಿಡಿಸಿ, ದಪ್ಪ ತುಂಡನ್ನು ಅಂಗಾನಿಲೆಯ ಕಡೆಗೆ ಸರಿಸಿದ.