ಚೌಕಗಳಿಗೆ ಕೊಟ್ಟ ಒಪ್ಪಿಗೆ

ಲಂಡನ್ನಿನಲ್ಲಿ ಕನ್ನಡದ ಅಳಿವು ಉಳಿವಿನ ಚರಿತ್ರೆ ಬರೆಯುವವರು ಮುಂದೆ ಯಾರಾದರೂ ಹುಟ್ಟಿದರೆ, ಈ ಒಂದು ಸಂಗತಿಯನ್ನು ಅವರು ಕಡೆಗಣಿಸಬಾರದು: 2013ರ ಜನವರಿಯಲ್ಲಿ, ಕೊಲಿಂಡೇಲ್‌ನ ನನ್ನ ಫ್ಲ್ಯಾಟಿನಲ್ಲಿ, ನನ್ನ ಫೋನಿನ ಮೇಲೆ, ಕನ್ನಡ ಚೌಕಾಕಾರದಲ್ಲಿತ್ತು. ಅಕಾರವಿರಲಿ ಳಕಾರವಿರಲಿ, ಎಲ್ಲಕ್ಕೂ ಒಂದೇ ಅಳತೆಯ ಖಾಲಿ ಡಬ್ಬಿ. ಡಬ್ಬಿಗಳ ಸಾಲು ಮುಗಿದ ಮೇಲೆ ಒಂದು ಪೂರ್ಣವಿರಾಮ. ಅದನ್ನು ಮಾತ್ರ ಸ್ಪಷ್ಟವಾಗಿ ಓದಬಹುದಿತ್ತು.

ಇದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ. ಹಿಂದಿನ ನವೆಂಬರಿನ ರಾಜ್ಯೋತ್ಸವದಲ್ಲಿ ಕನ್ನಡ ಕೂಟದ ಜಂಟಿ ಕಾರ್ಯದರ್ಶಿಯಾಗಿ ನಾನು ಬಿಸಿಬೇಳೆಬಾತು ತಣ್ಣಗಾಗುವವರೆಗೆ ಭಾಷಣ ಮಾಡಿದ್ದೆ. ಕನ್ನಡಿಗರು ಕನ್ನಡಿಗರಿಗೆ ಕನ್ನಡ ಲಿಪಿಯಲ್ಲೇ ಬರೆಯಬೇಕು, ಮೆಸೇಜು ಕೂಡ. ಮನೆ ಮನೆಯೂ ಪಾಠಶಾಲೆಯಾಗಬೇಕು. ಭಾರಿ ಚಪ್ಪಾಳೆ ಬಿತ್ತು. ಅದು ಹಸಿದವರ ಚಪ್ಪಾಳೆ ಎಂದು ನನ್ನ ಹೆಂಡತಿ ವೇದಾ ಆಮೇಲೆ ಹೇಳಿದಳು.

ಹಾಗೆ ಹೇಳಿದವಳು ತಮ್ಮನ ಮದುವೆಗೆಂದು ಮೈಸೂರಿಗೆ ಹೋದಾಗ ಅಲ್ಲಿ ಹೊಸ ಫೋನು ಕೊಂಡಳು. ಕಂಪನಿ ನನ್ನ ಫೋನಿನದೇ, ಆದರೆ ಅಲ್ಲಿ ಮಾರುವುದಕ್ಕೆ ಕನ್ನಡ ಹಾಕಿಕೊಟ್ಟಿದ್ದರು. ಅವಳು ಕನ್ನಡದಲ್ಲಿ ಬರೆಯತೊಡಗಿದಳು. ಇಂಗ್ಲಿಷಿನಲ್ಲಿದ್ದಾಗ ‘ಮಿಲ್ಕ್ ಪ್ಲೀಸ್’ಗಿಂತ ಮುಂದೆ ಹೋಗದ ಮೆಸೇಜು ಈಗ ಪುಟಗಟ್ಟಲೆ ಬರುತ್ತಿತ್ತು, ಎಲ್ಲವೂ ಡಬ್ಬಿ. ನಾನು ಪ್ರತಿಯೊಂದಕ್ಕೂ ಮೇಲೆತ್ತಿದ ಹೆಬ್ಬೆಟ್ಟಿನ ಚಿತ್ರ ಕಳಿಸುತ್ತಿದ್ದೆ. ಡಬ್ಬಿಗಳು ಹೆಚ್ಚಿದ್ದ ದಿನ ಎರಡು ಹೆಬ್ಬೆಟ್ಟು. ಆಫೀಸಿನಲ್ಲೂ ನನ್ನ ಕೆಲಸ ಅದೇ, ಓದದೆ ಒಪ್ಪಿಗೆ ಕೊಡುವುದು. ಅದಕ್ಕೆ ಪ್ರಾಜೆಕ್ಟ್ ಮ್ಯಾನೇಜರ್ ಎನ್ನುತ್ತಾರೆ.

ವಾಪಸು ಹೊರಡುವ ವಾರದಲ್ಲಿ ವೇದಾ ಫೋನು ಮಾಡಿದಳು. ದನಿ ಯಾಕೋ ಮೆತ್ತಗಿತ್ತು.

“ನೀವು ಒಪ್ಕೋತೀರ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ ಕಣ್ರೀ. ಅಮ್ಮನಿಗೂ ಹೇಳ್ದೆ. ಅಳಿಯ ಅಂದ್ರೆ ಹೀಗಿರಬೇಕು ಅಂದ್ರು.”

“ಅದರಲ್ಲೇನಿದೆ,” ಎಂದೆ. ಅದರಲ್ಲೇನಿದೆ ಎಂಬುದು ನನಗೂ ತಿಳಿಯಬೇಕಿತ್ತು.

ಅತ್ತೆ ಗಿರಿಜಾದೇವಿ ನಿವೃತ್ತ ಮುಖ್ಯೋಪಾಧ್ಯಾಯಿನಿ. ಮದುವೆಯಾದಾಗಿನಿಂದ ನನಗೆ ಪಾಸ್ ಮಾರ್ಕು ಕೊಟ್ಟವರಲ್ಲ. ಅವರು ಮೆಚ್ಚುವಂಥದ್ದಕ್ಕೆ ನಾನು ಒಪ್ಪಿದ್ದೇನೆಂದರೆ ಅದು ಸಣ್ಣದಾಗಿರಲು ಸಾಧ್ಯವಿಲ್ಲ. ವೇದಾ ಭಾನುವಾರ ಬಂದು ಇಳಿಯುವುದರೊಳಗೆ ಆ ಮೆಸೇಜುಗಳನ್ನು ಓದಲೇಬೇಕಿತ್ತು.

ಮೇಲಿನ ಮಹಡಿಯ ವಿನೀತ್‌ನ ಬಳಿ ಹೋದೆ. ಉಡುಪಿಯವನು, ಫೋನುಗಳ ಹೊಟ್ಟೆ ಕೊಯ್ಯುವುದು ಅವನ ಹವ್ಯಾಸ. ಮೊದಲು ಫೋನಿನ ಒಳಬೀಗ ತೆಗೆಯಬೇಕು, ಆಮೇಲೆ ರೂಟ್ ಮಾಡಬೇಕು, ಎಂದರೆ ಕಂಪನಿ ತನ್ನ ಕೈಯಲ್ಲೇ ಇಟ್ಟುಕೊಂಡ ಯಜಮಾನಿಕೆಯನ್ನು ಕಿತ್ತುಕೊಳ್ಳಬೇಕು, ಆಗ ಕನ್ನಡದ ಫಾಂಟನ್ನು ಒಳಗೆ ತುರುಕಬಹುದು ಎಂದ. ಆದರೆ ನನಗೆ ಅದು ಬೇಡವೆಂದ.

“ಸ್ವಲ್ಪ ಕಾಯಿರಿ ಮಾರಾಯ್ರೆ. ಅಪ್‌ಡೇಟ್ ಬರ್ತದೆ, ಅದರಲ್ಲಿ ಕನ್ನಡ ಉಂಟು. ಈಗ ರೂಟ್ ಮಾಡಿದ್ರೆ ಆ ಅಪ್‌ಡೇಟ್ ನಿಮ್ಮ ಫೋನಿಗೆ ಕೂರುದಿಲ್ಲ.”

ಕಾಯುವ ಸ್ಥಿತಿಯಲ್ಲಿ ನಾನಿರಲಿಲ್ಲ. ಇಂಟರ್ನೆಟ್ಟಿನಲ್ಲಿ ಯಾರೋ ಪುಣ್ಯಾತ್ಮ ಬರೆದಿಟ್ಟ ವಿಧಾನವನ್ನು ಎದುರಿಗಿಟ್ಟುಕೊಂಡು, ಕೇಬಲ್ ಸಿಕ್ಕಿಸಿ ಕೂತೆ. ಮಧ್ಯದಲ್ಲಿ ಫೋನು ಒಂದು ದೀರ್ಘ ಎಚ್ಚರಿಕೆ ತೋರಿಸಿತು. ಶುದ್ಧ ಇಂಗ್ಲಿಷಿನಲ್ಲಿ, ಒಂದೇ ಒಂದು ಚೌಕವಿಲ್ಲದೆ. ಕೆಳಗೆ ಎಸ್, ನೋ ಎಂದಿತ್ತು. ವೃತ್ತಿಯ ಅಭ್ಯಾಸ, ಎಸ್ ಒತ್ತಿದೆ.

ಮಧ್ಯಾಹ್ನದ ಹೊತ್ತಿಗೆ ಕನ್ನಡ ಬಂತು. ಒತ್ತಕ್ಷರಗಳು ಕೆಳಗಿಳಿಯದೆ ಪಕ್ಕದಲ್ಲೇ ಬಸ್ಸಿಗೆ ಕಾದವರಂತೆ ನಿಂತಿದ್ದವು, ಆದರೂ ಕನ್ನಡವೇ. ಕೂಟದ ವೆಬ್‌ಸೈಟಿನಲ್ಲಿದ್ದ ನನ್ನ ಭಾಷಣವನ್ನು ನಾನೇ ಓದಿ ಕಣ್ಣು ತುಂಬಿಕೊಂಡೆ. ಆಮೇಲೆ ವೇದಾಳ ಮೆಸೇಜು ತೆರೆಯಲು ಹೋದರೆ ಮೆಸೇಜುಗಳೇ ಇರಲಿಲ್ಲ. ಬೀಗ ತೆಗೆದರೆ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಆ ದೀರ್ಘ ಎಚ್ಚರಿಕೆ ಹೇಳಿದ್ದು ಇಷ್ಟನ್ನೇ.

ವಿನೀತ್ ಫೋನನ್ನು ನೋಡಿದ, ನನ್ನ ಮುಖವನ್ನೂ ನೋಡಿದ. “ಅಲ್ಲ, ಓದ್ಲಿಕ್ಕೆ ಇಷ್ಟೆಲ್ಲ ಯಾಕೆ? ಮೆಸೇಜನ್ನು ನಿಮ್ಮದೇ ಈಮೇಲಿಗೆ ಹಾಕಿ ಲ್ಯಾಪ್‌ಟಾಪಲ್ಲಿ ತೆರೆದಿದ್ರೆ ಆಗ್ತಿತ್ತಲ್ಲ.”

ನನ್ನ ಹೊಟ್ಟೆಪಾಡೇ ಐಟಿ ಎಂಬುದನ್ನು ಅವನಿಗೆ ನೆನಪಿಸಲು ಹೋಗಲಿಲ್ಲ.

ಭಾನುವಾರ ಹೀಥ್ರೋದಲ್ಲಿ ವೇದಾ ಟ್ರಾಲಿ ತಳ್ಳುತ್ತ ಬಂದಳು. ಸೂಟ್‌ಕೇಸಿನ ಮೇಲೆ ಎರಡು ದೊಡ್ಡ ರಟ್ಟಿನ ಪೆಟ್ಟಿಗೆ. ಒಂದರಲ್ಲಿ ಸ್ಲೇಟು, ಇನ್ನೊಂದರಲ್ಲಿ ಅತ್ತೆ ಆರಿಸಿ ಕಟ್ಟಿಕೊಟ್ಟ ಒಂದನೇ ತರಗತಿಯ ಪುಸ್ತಕಗಳು. ಶನಿವಾರ ಬೆಳಿಗ್ಗೆ ನಮ್ಮ ಲಿವಿಂಗ್ ರೂಮಿನಲ್ಲಿ ಸುತ್ತಮುತ್ತಲ ಮಕ್ಕಳಿಗೆ ಕನ್ನಡ ಕಲಿಸಲು ನಾನು ಎರಡು ಹೆಬ್ಬೆಟ್ಟಿನ ಒಪ್ಪಿಗೆ ಕೊಟ್ಟಿದ್ದೆನಂತೆ. ಮೇಷ್ಟ್ರು ನಾನೇ. ಶನಿವಾರದ ನಿದ್ದೆ ಹೋದರೂ ಇಷ್ಟೇ ತಾನೆ ಎಂದು ಉಸಿರು ಬಿಟ್ಟೆ.

“ಉಳಿದದ್ದರ ಬಗ್ಗೆ ಏನೂ ಹೇಳಲ್ವಾ?” ಎಂದಳು ವೇದಾ.

“ಎಲ್ಲವನ್ನೂ ಚೆನ್ನಾಗಿ ಬರೆದಿದ್ದೀಯ,” ಎಂದೆ. ಅವಳು ನನ್ನ ಫೋನಿಗಾಗಿ ಕೈ ಚಾಚಿದಳು. ಫೋನು ಕೊಟ್ಟೆ. ಒಳಗೆ ಖಾಲಿ. ಕಾರ್ ಪಾರ್ಕಿನ ಲಿಫ್ಟಿಗೆ ಕಾಯುತ್ತ, ಚೌಕಗಳಿಂದ ಹಿಡಿದು ನಡೆದದ್ದನ್ನೆಲ್ಲ ಹೇಳಿದೆ. ನಗುತ್ತಾಳೆಂದುಕೊಂಡಿದ್ದೆ.

“ಎದುರಿಗೆ ಹೇಳೋಕೆ ನಾಚಿಕೆ ಆಗೋದನ್ನ ಬರೆದಿದ್ದೆ,” ಎಂದಳು. “ಇಷ್ಟು ವರ್ಷಕ್ಕೆ ಒಂದ್ಸಲ. ನೀವು ಅದಕ್ಕೆ ಹೆಬ್ಬೆಟ್ಟು ಒತ್ತಿದ್ರಿ.”

“ನಿನ್ನ ಫೋನಲ್ಲಿ ಇರುತ್ತಲ್ಲ.”

“ಇದೆ.”

ಅಷ್ಟು ಹೇಳಿ ಲಿಫ್ಟಿನೊಳಗೆ ಟ್ರಾಲಿ ತಳ್ಳಿದಳು.

ಮುಂದಿನ ತಿಂಗಳು ಅಪ್‌ಡೇಟ್ ಬಂತು. ಏನೂ ಮಾಡದೆ ಕೂತವರ ಫೋನುಗಳಿಗೆಲ್ಲ ಕನ್ನಡ ತಾನಾಗಿ ಬಂದು ಕೂತಿತು, ಒತ್ತಕ್ಷರ ಸಮೇತ. ನನ್ನ ಫೋನು ಅದನ್ನು ಒಲ್ಲೆ ಎಂದಿತು. ಶನಿವಾರ ಪಾಠ ಮಾಡುತ್ತೇನೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ. ವೇದಾ ತನ್ನ ಫೋನಿಗೆ ಲಾಕ್ ಹಾಕಿದ್ದಾಳೆ. ಆ ಮೆಸೇಜುಗಳನ್ನು ನಾನು ಇನ್ನೂ ಓದಿಲ್ಲ.