ಬೆನ್ನಿಗೊಂದು ಜೇಬು

ಆ ಬೀದಿಯಲ್ಲಿ ಟೈಲರಕ್ಕನ ಹೊಲಿಗೆಗೆ ಹೆಸರಿತ್ತು. ಅವಳ ಗೊರಕೆಗೂ ಇತ್ತು. ಬೆಳಿಗ್ಗೆ ಪಕ್ಕದ ಮನೆಯವರು ಸಿಕ್ಕರೆ, "ಏನಕ್ಕಾ, ರಾತ್ರಿಯೆಲ್ಲ ಮಿಷನ್ ಓಡಿಸ್ತಿದ್ರಾ?" ಎಂದು ಕಿಚಾಯಿಸುತ್ತಿದ್ದರು. ಅಕ್ಕ ನಕ್ಕುಬಿಡುತ್ತಿದ್ದಳು, ಆದರೆ ಒಳಗೊಳಗೇ ನಾಚಿ ಹಿಡಿಯಷ್ಟಾಗುತ್ತಿದ್ದಳು.

ಈಗ ಆ ನಾಚಿಕೆ ಮಗಳ ತನಕ ಬಂದಿತ್ತು. ಮಗಳಿಗೆ ಹೆರಿಗೆ ಇನ್ನು ನಾಲ್ಕು ತಿಂಗಳಲ್ಲಿ. "ಅಮ್ಮಾ, ಆಗ ಬಂದು ನನ್ನ ಜೊತೆಗಿರು" ಎಂದು ಫೋನಿನಲ್ಲಿ ಗೋಗರೆದಿದ್ದಳು. ಅವಳದು ಒಂದೇ ಕೋಣೆಯ ಮನೆ. ಈ ಸದ್ದಿಗೆ ಕೂಸು ಮಲಗುವುದುಂಟೇ? "ಕೈತುಂಬ ಕೆಲಸ ಕಣೇ" ಎಂದು ಅಕ್ಕ ಜಾರಿಕೊಂಡಳು. ಫೋನಿಟ್ಟು ಕಣ್ಣೊರೆಸಿಕೊಂಡಳು.

ಅದೇ ವಾರ ಹತ್ತಿರದ ಆಸ್ಪತ್ರೆಯ ನರ್ಸಮ್ಮ ಯೂನಿಫಾರ್ಮ್ ಹೊಲಿಸಲು ಬಂದರು. ಅಳತೆ ಬರೆದುಕೊಳ್ಳುತ್ತಲೇ ಅಕ್ಕನ ಕಣ್ಣು ಎಳೆಯುತ್ತಿತ್ತು. ಬೆರಳಿಗೆ ಪಟ್ಟಿ ಬೇರೆ.

"ಇದೇನ್ರೀ?"

"ತೂಕಡಿಸಿದೆ. ಸೂಜಿ ಉಗುರನ್ನೇ ಹೊಲೀತು."

"ರಾತ್ರಿ ನಿದ್ದೆ ಮಾಡಲ್ವಾ?"

ಬೀಗ ರಿಪೇರಿ ಮಾಡುವ ಗಂಡ ಮೂಲೆಯಲ್ಲಿ ಕೂತು ಕೀಲಿಕೈಗೆ ಅರ ಉಜ್ಜುತ್ತಿದ್ದ. "ಇವಳಾ? ಬಿದ್ರೆ ಕೊರಡು! ಗೊರಕೆ ಅಂದ್ರೆ ಒಳ್ಳೇ ನಿದ್ದೆ ಅಂತ ತಾನೇ? ಮಧ್ಯೆ ಮಧ್ಯೆ ಗಪ್ ಅಂತ ನಿಲ್ಲುತ್ತೆ. ನನ್ನ ಪುಣ್ಯ, ಅಷ್ಟೊತ್ತು ನನಗೂ ಕಣ್ಣು ಹತ್ತುತ್ತೆ" ಎಂದು ನಕ್ಕ.

ನರ್ಸಮ್ಮ ನಗಲಿಲ್ಲ. "ಸದ್ದು ನಿಂತಾಗ ಉಸಿರಾಡ್ತಾರಾ? ನೋಡಿದೀರಾ?"

ಅರ ಉಜ್ಜುವ ಕೈ ನಿಂತಿತು. "ಇಲ್ಲ... ಆಮೇಲೆ ನೀರಲ್ಲಿ ಮುಳುಗಿ ಎದ್ದೋರ ಥರ ಉಸಿರೆಳ್ಕೋತಾಳೆ."

"ಅದು ಪುಣ್ಯ ಅಲ್ಲಪ್ಪ. ಅಷ್ಟು ಹೊತ್ತು ಗಂಟಲು ಮುಚ್ಚಿಕೊಂಡು ಉಸಿರೇ ನಿಂತಿರಬಹುದು. ದಿನಾ ಹಿಂಗಾದ್ರೆ ಬಿ.ಪಿ. ಏರುತ್ತೆ, ಹೃದಯಕ್ಕೂ ಪೆಟ್ಟು. ಹಗಲಲ್ಲಿ ತೂಕಡಿಕೆಯೂ ಅದಕ್ಕೇ."

ನರ್ಸಮ್ಮ ಅಕ್ಕನ ಟೇಪನ್ನೇ ತೆಗೆದು ಅವಳ ಕತ್ತಿಗೆ ಸುತ್ತಿದರು. ಬೀದಿಯವರ ಅಳತೆಯೆಲ್ಲ ಬಲ್ಲ ಅಕ್ಕ ತನ್ನ ಅಳತೆ ನೋಡಿಕೊಂಡು ವರ್ಷಗಳಾಗಿದ್ದವು. ಹದಿನಾರೂವರೆ ಇಂಚು!

"ಅಯ್ಯೋ, ಇದು ಗಂಡಸರ ಕಾಲರ್ರು!"

"ಕತ್ತು ದಪ್ಪ ಆದ್ರೆ ಉಸಿರಿನ ದಾರಿ ಇಕ್ಕಟ್ಟಾಗುತ್ತೆ. ಮಲಗೋ ಮುಂಚೆ ಏನಾದ್ರೂ ತಗೋತೀರಾ?"

ಅಕ್ಕ ತಲೆ ತಗ್ಗಿಸಿದಳು. "ಅಂಗಡಿಯಿಂದ ನಿದ್ದೆ ಮಾತ್ರೆ ತಂದಿದ್ದೆ. ಗಾಢವಾಗಿ ಮಲಗಿದ್ರೆ ಸದ್ದು ನಿಲ್ಲುತ್ತೇನೋ ಅಂತ."

"ಒಳ್ಳೇ ಉಪಾಯ! ಅದರಿಂದ ಗಂಟಲು ಇನ್ನೂ ಸಡಿಲ ಆಗುತ್ತೆ. ನಾಳೆ ಆ ಮಾತ್ರೆ ಹಿಡ್ಕೊಂಡು ಡಾಕ್ಟರ ಹತ್ರ ಬನ್ನಿ."

"ಗೊರಕೆಗೂ ಡಾಕ್ಟರಾ? ಜನ ನಗ್ತಾರೆ."

"ಈಗೇನು ಅಳ್ತಿದಾರಾ?"

ಆ ಮಾತಿಗೆ ಗಂಡನೇ ಮೊದಲು ಎದ್ದು ಚಪ್ಪಲಿ ಹುಡುಕಿದ. "ನಾಳೆ ತನಕ ಯಾಕೆ? ಈಗ್ಲೇ ಹೋಗೋಣ" ಎಂದ.

ಡಾಕ್ಟರು ನಿದ್ದೆಯ ಪರೀಕ್ಷೆ ಮಾಡಿಸಿದರು. ಉಸಿರು ಪದೇ ಪದೇ ನಿಲ್ಲುತ್ತಿದ್ದುದು ನಿಜ. ಅವರು ಮಾತ್ರೆ ಬಿಡಿಸಿದರು, ಕಟ್ಟಿದ ಮೂಗಿಗೆ ಔಷಧಿ ಕೊಟ್ಟರು. ತೂಕ ಇಳಿಸಿ, ಪಕ್ಕಕ್ಕೆ ತಿರುಗಿ ಮಲಗಿ, ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ, ಆಗಲೂ ತಗ್ಗದಿದ್ದರೆ ಉಸಿರಿಗೆ ನೆರವಾಗುವ ಯಂತ್ರವಿದೆ ಎಂದರು.

ಪಕ್ಕಕ್ಕೆ ಮಲಗುವುದೇನೋ ಸರಿ. ನಿದ್ದೆಯಲ್ಲಿ ಅಕ್ಕ ಅಂಗಾತವಾಗುತ್ತಿದ್ದಳು, ನಾಲಿಗೆ ಹಿಂದಕ್ಕೆ ಜಾರಿ ಸದ್ದು ಶುರು. ಎರಡು ದಿನ ನೋಡಿದಳು. ಮೂರನೆಯ ದಿನ ಹಳೆಯ ಅಂಗಿಯೊಂದರ ಬೆನ್ನಿಗೆ ಜೇಬು ಹೊಲಿದು ಅದರೊಳಗೆ ಟೆನ್ನಿಸ್ ಚೆಂಡಿಟ್ಟಳು. ಹೊರಳಿದಾಗ ಚೆಂಡು ಒತ್ತಿ ಮತ್ತೆ ಪಕ್ಕಕ್ಕೆ ತಿರುಗಿಸುತ್ತಿತ್ತು. ಕಿಚಾಯಿಸುತ್ತಿದ್ದ ಪಕ್ಕದ ಮನೆಯವರೇ ಗುಟ್ಟಾಗಿ ಬಂದು, "ನಮ್ಮ ಯಜಮಾನರಿಗೂ ಒಂದು ಹೊಲೀರಕ್ಕಾ" ಎಂದರು!

ದಿನಾ ಸಂಜೆ ಗಂಡ ಹೆಂಡತಿ ಕೆರೆ ಸುತ್ತಿ ನಡೆದರು. ಊಟ ಬೇಗ ಮುಗಿಸಿದರು. ಮೂರು ತಿಂಗಳಲ್ಲಿ ಆರು ಕಿಲೋ ಇಳಿಯಿತು. ಮರುಪರೀಕ್ಷೆಯ ಚೀಟಿ ನೋಡಿ ಡಾಕ್ಟರು, "ಯಂತ್ರ ಬೇಡ. ಹೀಗೇ ಮುಂದುವರಿಸಿ" ಎಂದಾಗ ಅಕ್ಕ ಹೊರಬಂದವಳೇ ಮಗಳಿಗೆ ಫೋನ್ ಮಾಡಿದಳು. "ಬರ್ತಿದೀನಿ ಕಣೇ!"

ಹೆರಿಗೆಯಾಗಿ ಮನೆಗೆ ಬಂದ ಮರುದಿನ ಬೆಳಿಗ್ಗೆ ಮಗಳು ಕೂಸನ್ನು ಅಜ್ಜಿಯ ತೊಡೆಗಿಟ್ಟು ಹೇಳಿದಳು: "ಅಮ್ಮಾ, ಈ ಕೋಣೆಯಲ್ಲಿ ಗೊರಕೆ ಹೊಡೆದಿದ್ದು ಇವಳೊಬ್ಬಳೇ!"

ನಿಮ್ಮ ಮನೆಯಲ್ಲೂ ಗೊರಕೆಯವರಿದ್ದಾರೆಯೇ? ನಗುವ ಮೊದಲು ಕಿವಿಗೊಟ್ಟು ಕೇಳಿ. ನಡುವೆ ಉಸಿರು ನಿಂತರೆ, ಬೆಚ್ಚಿ ಎದ್ದರೆ, ಹಗಲು ತೂಕಡಿಸಿದರೆ ತಡಮಾಡಬೇಡಿ, ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಮಲಗುವ ಮುಂಚೆ ಮದ್ಯ ಬೇಡ, ಡಾಕ್ಟರನ್ನು ಕೇಳದೆ ನಿದ್ದೆ ಮಾತ್ರೆ ಬೇಡ. ನಿಮ್ಮವರ ಉಸಿರು ಕಾಯುವವರು ನೀವೇ.